ಎದೆಯೊಳಗಿನ ಅಮಾನತ್ತು

ನಮ್ಮ ಚಾಚಾರವರು ತೀರಿಕೊಂಡ ದಿನ ಮಯ್ಯಿತ್‌ಗೆ ಸ್ನಾನ ಮಾಡಿಸುವಲ್ಲಿ ನಾನೂ ಇದ್ದೆ. ನೀರು ಹೊಯ್ಯುವ ಕೆಲಸ ನನ್ನದು. ಕೈಗೆ ಬಟ್ಟೆ ಸುತ್ತಿಕೊಂಡು ತೊಳೆಯುತ್ತಿದ್ದವರು ಮೊಹಲ್ಲಾದ ಹಿರಿಯರೊಬ್ಬರು. ಮೂವತ್ತು ವರ್ಷಗಳಿಂದ ಊರಿನಲ್ಲಿ ಆ ಕೆಲಸವನ್ನು ಒಂದು ಪೈಸೆ ಮುಟ್ಟದೆ ಮಾಡುತ್ತಾ ಬಂದವರು. ಎಡ ಭುಜದ ಹತ್ತಿರ, ಕತ್ತಿನ ಬುಡದ ಎಲುಬಿನಿಂದ ತುಸು ಕೆಳಗೆ ಅವರ ಕೈ ಒಮ್ಮೆಲೆ ತಡೆಯಿತು. ಚರ್ಮದಡಿಯಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಗಟ್ಟಿ ವಸ್ತುವೊಂದು ಎದ್ದು ಕಾಣುತ್ತಿತ್ತು.

“ಇದೇನು ಮಾಸ್ಟರ್ ಸಾಬ್?” ಎಂದು ಮೆಲ್ಲನೆ ಕೇಳಿದರು.

“ಪೇಸ್‌ಮೇಕರ್. ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳುವ ಯಂತ್ರ. ಎರಡು ವರ್ಷದ ಹಿಂದೆ ಕೂಡಿಸಿದ್ದು.”

“ಉಂಗುರ ತೆಗೆದೆವು, ಕಟ್ಟಿದ ಹಲ್ಲು ತೆಗೆದೆವು. ಇದನ್ನೂ ತೆಗೆಯಬೇಕೇನು?”

ನನ್ನಲ್ಲಿ ಉತ್ತರವಿರಲಿಲ್ಲ. ಇಮಾಮರನ್ನು ಕೇಳಿಸಿದೆವು. ಹಾಗೆಯೇ ಇರಲಿ, ಮಯ್ಯಿತ್‌ಗೆ ತೊಂದರೆ ಕೊಡಬೇಡಿ, ದಫನ್‌ಗೆ ತಡವಾಗದಿರಲಿ ಎಂದರು. ಅವರು ಹೇಳಿದ್ದು ಸರಿಯೇ ಆಗಿತ್ತು. ಅಸರ್ ನಮಾಝಿನ ಬಳಿಕ ಚಾಚಾರವರನ್ನು ಖಬರ್‌ಸ್ತಾನದಲ್ಲಿ ಮಲಗಿಸಿ ಬಂದೆವು.

ಮೂರು ತಿಂಗಳು ಕಳೆದಿರಬಹುದು. ಶುಕ್ರವಾರ ಜುಮುಅದ ಬಳಿಕ ಮಸೀದಿಯ ಬಾಗಿಲಲ್ಲಿ ಟವೆಲ್ ಹಿಡಿದು ಇಬ್ಬರು ಯುವಕರು ನಿಂತಿದ್ದರು. ಪಕ್ಕದ ಬೀದಿಯ ಹೆಂಗಸೊಬ್ಬರ ನಾಡಿ ನಿಮಿಷಕ್ಕೆ ಮೂವತ್ತನಾಲ್ಕಕ್ಕೆ ಇಳಿದಿದೆ, ಅಡಿಗೆಮನೆಯಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದಿದ್ದಾರೆ, ಪೇಸ್‌ಮೇಕರ್ ಹಾಕಿಸಬೇಕೆಂದು ವೈದ್ಯರು ಹೇಳಿದ್ದಾರೆ, ಕಾರ್ಡಿನಲ್ಲಿ ಹೆಸರಿನ ಏನೋ ತಕರಾರು ಇದೆ, ಹಣ ಸಾಲದು. ಜೇಬಿನಲ್ಲಿದ್ದುದನ್ನು ಹಾಕಿ ಮನೆಯ ದಾರಿ ಹಿಡಿದೆ. ಆದರೆ ಮನಸ್ಸು ಮಾತ್ರ ಖಬರ್‌ಸ್ತಾನದ ಕಡೆಗೆ ಹೋಯಿತು. ಅಲ್ಲಿ, ಮೂರು ಮೊಳ ಮಣ್ಣಿನ ಕೆಳಗೆ, ಇನ್ನೂ ಎಂಟು ವರ್ಷ ಕೆಲಸ ಮಾಡಬಲ್ಲ ಅದೇ ಯಂತ್ರ ಬಿದ್ದಿದೆ.

ಆ ಹೆಂಗಸಿಗೆ ಅಲ್ಲಾಹನ ಅನುಗ್ರಹದಿಂದ ಹಣ ಒದಗಿತು, ಈಗ ಕ್ಷೇಮವಾಗಿದ್ದಾರೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಾವು ಅಂದು ಮಾಡಿದ್ದು ಮೃತರಿಗೆ ತೋರಿದ ಗೌರವವೋ, ಅಥವಾ ಒಂದು ಜೀವಕ್ಕೆ ಸಲ್ಲಬೇಕಾದುದನ್ನು ಮಣ್ಣು ಮಾಡಿದ ಅಪವ್ಯಯವೋ? ಓದುಗ ಸಹೋದರ ಸಹೋದರಿಯರ ಮುಂದೆ ಇದನ್ನು ಇಡುವುದು ಫತ್ವಾ ಕೊಡಲಿಕ್ಕಲ್ಲ, ನಾನು ಅದಕ್ಕೆ ಅರ್ಹನೂ ಅಲ್ಲ. ಇಂಥ ಯಂತ್ರವನ್ನು ಎದೆಯಲ್ಲಿ ಹೊತ್ತವರು ಇಂದು ಪ್ರತಿಯೊಂದು ಮೊಹಲ್ಲಾದಲ್ಲಿಯೂ ಇದ್ದಾರೆ. ನಾಳೆ ನೀರು ಹೊಯ್ಯುವ ಕೈ ನಿಮ್ಮದಾಗಿರಬಹುದು.

ಮೊದಲು ಆ ವಸ್ತು ಏನೆಂಬುದನ್ನು ತಿಳಿಯೋಣ.

ಮಾನವನ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ಮೇಲಣ ಬಲಕೋಣೆಯ ಗೋಡೆಯಲ್ಲಿರುವ ಜೀವಕೋಶಗಳ ಒಂದು ಪುಟ್ಟ ಗುಂಪು ಪ್ರತಿಯೊಂದು ಮಿಡಿತಕ್ಕೂ ಆಜ್ಞೆ ನೀಡುತ್ತದೆ. ಯಾರೂ ಅದಕ್ಕೆ ಕೀಲಿ ಕೊಡುವುದಿಲ್ಲ, ಬ್ಯಾಟರಿ ಬದಲಿಸುವುದಿಲ್ಲ. ತಾಯಿಯ ಗರ್ಭದಲ್ಲಿ ಆರಂಭವಾದುದು ಕೊನೆಯುಸಿರಿನ ತನಕ ನಡೆಯುತ್ತದೆ. ಕೆಲವರಲ್ಲಿ ಈ ಆಜ್ಞೆ ಹೊರಡುವುದೇ ನಿಧಾನವಾಗುತ್ತದೆ. ಇನ್ನು ಕೆಲವರಲ್ಲಿ ಹೊರಟ ಆಜ್ಞೆಯು ದಾರಿಯಲ್ಲಿ ತಡೆದು ಕೆಳಗಿನ ಕೋಣೆಗಳನ್ನು ತಲುಪುವುದಿಲ್ಲ. ಆಗ ಬಡಿತ ಇಳಿಯುತ್ತದೆ, ಮೆದುಳಿಗೆ ರಕ್ತ ಸಾಲದೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ.

ಹಾಗೆ ದಿನಕ್ಕೆ ಹಲವು ಸಲ ಕುಸಿಯುತ್ತಿದ್ದವರಲ್ಲಿ ಸ್ವೀಡನ್ ದೇಶದ ಆರ್ನೆ ಲಾರ್ಸನ್ ಒಬ್ಬರು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯರು ಇವರ ದೇಹದೊಳಗೆ ಪೂರ್ತಿಯಾಗಿ ಕೂರುವ ಪೇಸ್‌ಮೇಕರನ್ನು ಇಟ್ಟರು. ಜಗತ್ತಿನಲ್ಲಿ ಅದೇ ಮೊದಲು. ಯಂತ್ರ ಮಾಡಿದವರು ರೂನೆ ಎಲ್ಮ್‌ಕ್ವಿಸ್ಟ್ ಎಂಬ ಎಂಜಿನಿಯರ್. ಬೂಟ್ ಪಾಲಿಶಿನ ಡಬ್ಬಿಯನ್ನು ಅಚ್ಚಾಗಿ ಬಳಸಿ ಅದಕ್ಕೆ ಮೈ ಕೊಟ್ಟಿದ್ದರಂತೆ. ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು! ಕೂಡಲೇ ಇನ್ನೊಂದನ್ನು ಇಟ್ಟರು, ಅದೂ ಬಹುಕಾಲ ಬಾಳಲಿಲ್ಲ. ಹೀಗೆ ಜೀವಮಾನದಲ್ಲಿ ಇಪ್ಪತ್ತಕ್ಕಿಂತಲೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡ ಲಾರ್ಸನ್‌ರು 2001ರ ತನಕ ಬದುಕಿ, 86ರ ವಯಸ್ಸಿನಲ್ಲಿ ಬೇರೊಂದು ಕಾಯಿಲೆಯಿಂದ ಮರಣ ಹೊಂದಿದರು. ಅಷ್ಟರಲ್ಲಿ ಅವರಿಗೆ ಯಂತ್ರ ಮಾಡಿಕೊಟ್ಟ ಎಂಜಿನಿಯರೂ ಅದನ್ನು ಕೂಡಿಸಿದ ವೈದ್ಯರೂ ತೀರಿಕೊಂಡಿದ್ದರು. ಆಯುಷ್ಯದ ಲೆಕ್ಕ ಯಾರ ಕೈಯಲ್ಲಿದೆ ಎಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ಅಂದಿನ ದೊಡ್ಡ ತೊಡಕು ವಿದ್ಯುತ್ತಿನದ್ದು. ಪಾದರಸದ ಹಳೆಯ ಬ್ಯಾಟರಿಗಳು ಸುಮಾರು ಎರಡು ವರ್ಷಕ್ಕೆ ಮುಗಿಯುತ್ತಿದ್ದುವು. ಮುಗಿದಾಗಲೆಲ್ಲ ರೋಗಿಯ ಎದೆಯನ್ನು ಮತ್ತೆ ಕೊಯ್ಯಬೇಕು. ಬೇಸತ್ತ ಕೆಲವರು 1970ರ ದಶಕದಲ್ಲಿ ಪ್ಲುಟೋನಿಯಮ್ ಎಂಬ ಅಣುವಸ್ತುವನ್ನೇ ಒಳಗಿಟ್ಟು ಯಂತ್ರ ಮಾಡಿದರು. ಅದು ಹತ್ತಾರು ವರ್ಷ ನಡೆಯುತ್ತಿತ್ತು, ಆದರೆ ರೋಗಿ ಸತ್ತ ಮೇಲೆ ಅದನ್ನು ದೇಹದಿಂದ ತೆಗೆದು ತಪ್ಪದೆ ಹಿಂದಿರುಗಿಸಬೇಕೆಂಬ ಕರಾರು ಅಮೆರಿಕದಲ್ಲಿ ಇತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಲಿ, ಮುಂದೆ ಬೇಕಾಗುತ್ತದೆ. ಅಮೆರಿಕದ ವಿಲ್ಸನ್ ಗ್ರೇಟ್‌ಬ್ಯಾಚ್‌ರು ಬಳಕೆಗೆ ತಂದ ಲಿಥಿಯಮ್-ಅಯೋಡಿನ್ ಬ್ಯಾಟರಿಯು 1972ರ ಬಳಿಕ ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿತು. ಈ ಗ್ರೇಟ್‌ಬ್ಯಾಚ್‌ರು ಪೇಸ್‌ಮೇಕರಿನ ಕೆಲಸಕ್ಕೆ ಬಂದದ್ದೇ ಒಂದು ತಪ್ಪಿನಿಂದ. ಹೃದಯದ ಸದ್ದನ್ನು ದಾಖಲಿಸುವ ಉಪಕರಣ ಕಟ್ಟುವಾಗ ಡಬ್ಬಿಯಿಂದ ಬೇರೊಂದು ರೆಸಿಸ್ಟರನ್ನು ತೆಗೆದು ಜೋಡಿಸಿಬಿಟ್ಟರು. ಸರ್ಕ್ಯೂಟು ಹೃದಯದಂತೆ ಮಿಡಿಯತೊಡಗಿತು. ತಪ್ಪಿನ ಬಾಗಿಲಿನಿಂದಲೂ ಒಳಿತನ್ನು ಕಳುಹಿಸುವವನು ಅಲ್ಲಾಹನು.

ಇಂದಿನ ಯಂತ್ರವು ಟೈಟಾನಿಯಮ್ ಲೋಹದ ಗುಂಡಗಿನ ಚಪ್ಪಟೆ ಡಬ್ಬಿ, ತೂಕ ಇಪ್ಪತ್ತು ಮೂವತ್ತು ಗ್ರಾಮು. ಅದರಿಂದ ಹೊರಟ ತಂತಿಯು ರಕ್ತನಾಳದ ಮೂಲಕ ಇಳಿದು ಹೃದಯದ ಒಳಗೋಡೆಯನ್ನು ಮುಟ್ಟುತ್ತದೆ. ತಂತಿಯ ತುದಿ ಮೊದಲು ಮಾಡುವ ಕೆಲಸ ಬಡಿಯುವುದಲ್ಲ, ಆಲಿಸುವುದು. ಹೃದಯ ತಾನಾಗಿಯೇ ಮಿಡಿದಾಗ ಹುಟ್ಟುವ ಕೆಲವು ಮಿಲಿವೋಲ್ಟುಗಳ ಸೂಕ್ಷ್ಮ ವಿದ್ಯುತ್ತನ್ನು ಅದು ಗ್ರಹಿಸುತ್ತದೆ. ಮಿಡಿದರೆ ಸುಮ್ಮನಿರುತ್ತದೆ. ನಿಗದಿತ ಸಮಯದೊಳಗೆ ಮಿಡಿಯದಿದ್ದರೆ ಮಾತ್ರ ಅರೆ ಮಿಲಿಸೆಕೆಂಡಿನಷ್ಟು ಕಾಲ ಎರಡು ಮೂರು ವೋಲ್ಟಿನ ಒಂದು ತಟ್ಟು ಕೊಡುತ್ತದೆ. ನಡೆಯುವಾಗ, ಮೆಟ್ಟಿಲೇರುವಾಗ ದೇಹದ ಅಲುಗಾಟವನ್ನು ಅರಿತು ಬಡಿತವನ್ನು ಏರಿಸುವ ಸೆನ್ಸಾರ್ ಕೂಡ ಹಲವು ಯಂತ್ರಗಳಲ್ಲಿದೆ. ಇಷ್ಟೆಲ್ಲ ಮಾಡಲು ಅದಕ್ಕೆ ಬೇಕಾದುದು ಒಂದು ವ್ಯಾಟಿನ ಲಕ್ಷದಲ್ಲಿ ಒಂದೆರಡು ಪಾಲು. ಅಂದರೆ ಒಂದು ವ್ಯಾಟಿನ ಪುಟ್ಟ ಎಲ್‌ಇಡಿ ದೀಪ ಉರಿಯುವ ವಿದ್ಯುತ್ತಿನಲ್ಲಿ ಐವತ್ತು ಸಾವಿರ ಜನರ ಹೃದಯಗಳನ್ನು ನಡೆಸಬಹುದು. ಒಂದು ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಆಂಪಿಯರಿನ ಲಕ್ಷದಲ್ಲೊಂದು ಪಾಲನ್ನು ತೆಗೆಯುತ್ತಾ ಹೋದರೆ ಒಂದು ಲಕ್ಷ ಗಂಟೆ, ಹನ್ನೊಂದು ವರ್ಷಕ್ಕೂ ಮಿಕ್ಕಿ ಬರುತ್ತದೆ. ಮಿತವ್ಯಯದ ಬಗ್ಗೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದ ದಿನ ಆದಷ್ಟು ನಾಚಿಕೆ ಯಾವ ಪ್ರಸಂಗದಿಂದಲೂ ಆಗಿರಲಿಲ್ಲ.

ಮನಸ್ಸನ್ನು ಕಲಕಿದ ಇನ್ನೊಂದು ಸಂಗತಿ ಇದೆ. ಮನುಷ್ಯ ಮರಣ ಹೊಂದಿದಾಗ ಈ ಯಂತ್ರ ನಿಲ್ಲುವುದಿಲ್ಲ. ಅದಕ್ಕೆ ಮರಣದ ಅರಿವಿಲ್ಲ. ಹೃದಯ ಮಿಡಿಯುತ್ತಿಲ್ಲವೆಂಬುದಷ್ಟೇ ಅದಕ್ಕೆ ಗೊತ್ತಾಗುತ್ತದೆ, ಆದುದರಿಂದ ತನ್ನ ಕರ್ತವ್ಯವೆಂದು ತಟ್ಟುತ್ತಲೇ ಇರುತ್ತದೆ. ಸ್ನಾಯು ಓಗೊಡುವುದಿಲ್ಲ ಅಷ್ಟೆ. ನಾವು ಚಾಚಾರವರ ಮೇಲೆ ಮೂರು ಹಿಡಿ ಮಣ್ಣು ಹಾಕಿ ಹಿಂದಿರುಗಿದ ಬಳಿಕವೂ ಅದು ತಟ್ಟುತ್ತಲೇ ಇದ್ದಿರಬೇಕು.

ಇನ್ನು ಮೂಲ ಪ್ರಶ್ನೆಗೆ ಬರೋಣ.

ಚಿತೆಯಲ್ಲಿ ಸುಡುವ ಸಮುದಾಯಗಳಿಗೆ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ, ಉತ್ತರವೂ ಬೇಗ ಸಿಗುತ್ತದೆ. ಶಾಖಕ್ಕೆ ಸಿಕ್ಕಿದ ಪೇಸ್‌ಮೇಕರ್ ಸಿಡಿಯುತ್ತದೆ. ವಿದೇಶಗಳ ಚಿತಾಗಾರಗಳಲ್ಲಿ ಕುಲುಮೆಗಳಿಗೆ ಹಾನಿಯಾದ ಉದಾಹರಣೆಗಳಿವೆ. ಆದ್ದರಿಂದ ಸುಡುವ ಮೊದಲು ತೆಗೆಯಲೇಬೇಕೆಂಬ ನಿಯಮವು ಬ್ರಿಟನ್ ಮೊದಲಾದ ಕಡೆ ಇದೆ. ತೆಗೆದದ್ದು ಎಲ್ಲಿಗೆ ಹೋಗುತ್ತದೆ? ಬಹುಪಾಲು ಕಸಕ್ಕೆ. ದಫನ್ ಮಾಡುವ ನಮಗೆ ಅಂಥ ಒತ್ತಾಯವಿಲ್ಲ. ತೆಗೆಯದಿದ್ದರೆ ಯಾರಿಗೂ ಅಪಾಯವಿಲ್ಲ. ಹಾಗಾಗಿ ನಮ್ಮ ಮುಂದಿರುವುದು ಅನುಕೂಲದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಮೃತನ ಹಕ್ಕು, ವಾರಸುದಾರರ ಹಕ್ಕು, ಮತ್ತು ನಾವು ಹೆಸರೂ ಅರಿಯದ ಯಾವನೋ ಒಬ್ಬ ರೋಗಿಯ ಹಕ್ಕು.

ಮೃತದೇಹದ ಗೌರವದ ವಿಷಯದಲ್ಲಿ ನಮ್ಮ ಧರ್ಮದ ನಿಲುವು ಸಂದೇಹಕ್ಕೆ ಎಡೆಯಿಲ್ಲದ್ದು. ಜೀವಂತನ ದೇಹಕ್ಕೆ ಇರುವ ಮಾನವನ್ನೇ ಪ್ರವಾದಿವರ್ಯರು(ಸ) ಮೃತನ ದೇಹಕ್ಕೂ ಕಲ್ಪಿಸಿದ್ದಾರೆ. ನೀರು ಹೆಚ್ಚು ಬಿಸಿಯಾಗಿರಬಾರದು, ಹೆಚ್ಚು ತಣ್ಣಗೂ ಇರಬಾರದು ಎಂದು ನಮ್ಮ ಹಿರಿಯರು ಕೈಯದ್ದಿ ನೋಡುವುದು ಸುಮ್ಮನೆ ಅಲ್ಲ. ಆದರೆ ಇದೇ ಗೌರವವನ್ನು ಎತ್ತಿ ಹಿಡಿದ ಕರ್ಮಶಾಸ್ತ್ರ ಪಂಡಿತರು ಎರಡು ಸಂದರ್ಭಗಳನ್ನು ಬಹಳ ಹಿಂದೆಯೇ ಚರ್ಚಿಸಿದ್ದಾರೆ. ಒಬ್ಬನು ಮತ್ತೊಬ್ಬನ ರತ್ನವನ್ನೋ ನಾಣ್ಯವನ್ನೋ ನುಂಗಿ ಸತ್ತರೆ ಅದನ್ನು ಹೊಟ್ಟೆಯಿಂದ ತೆಗೆಯಬಹುದೇ? ಗರ್ಭಿಣಿಯು ತೀರಿಕೊಂಡು ಹೊಟ್ಟೆಯಲ್ಲಿ ಮಗು ಜೀವಂತವಿದ್ದರೆ? ಮೊದಲನೆಯದರಲ್ಲಿ ಅಭಿಪ್ರಾಯಗಳು ಹಲವಾರು. ಸೊತ್ತು ಯಾರದು, ಬೆಲೆ ಎಷ್ಟು, ಮೃತನ ಆಸ್ತಿಯಿಂದ ಪರಿಹಾರ ಕೊಡಲು ಸಾಧ್ಯವೇ ಎಂಬುದನ್ನೆಲ್ಲ ಅವರು ತೂಗಿದ್ದಾರೆ. ಎರಡನೆಯದರಲ್ಲಿ ಹನಫಿ ಮತ್ತು ಶಾಫಿಈ ಪಂಡಿತರು ಮಗುವನ್ನು ಉಳಿಸಲು ಕೊಯ್ಯುವುದನ್ನು ಅನುಮತಿಸಿದ್ದಾರೆ. ಅಂದರೆ ಮೃತನ ಗೌರವ ದೊಡ್ಡದು, ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನನ್ನೂ ಇಡಲೇಬಾರದೆಂದು ಅವರು ಹೇಳಲಿಲ್ಲ.

ಅಂಗದಾನದ ಚರ್ಚೆಯೂ ಇಲ್ಲಿ ನೆನಪಾಗುತ್ತದೆ. 1988ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಮೃತನು ಮೊದಲೇ ಒಪ್ಪಿಗೆ ಕೊಟ್ಟಿದ್ದರೆ ಅಥವಾ ವಾರಸುದಾರರು ಒಪ್ಪಿದರೆ, ಜೀವ ಉಳಿಸಲು ಅವನ ಅಂಗವನ್ನು ಪಡೆಯಬಹುದೆಂದು ನಿರ್ಣಯಿಸಿತು. ನಮ್ಮ ದೇಶದ ಉಲಮಾಗಳಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಅವರ ಮುಖ್ಯ ವಾದವೆಂದರೆ, ಮೂತ್ರಪಿಂಡವಾಗಲಿ ಕಣ್ಣಾಗಲಿ ನನ್ನದಲ್ಲ, ಅಲ್ಲಾಹನು ಬಳಸಲು ಕೊಟ್ಟ ಅಮಾನತ್ತು. ನನ್ನದಲ್ಲದ್ದನ್ನು ನಾನು ದಾನ ಮಾಡುವುದೆಂತು? ಈ ವಾದದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಪೇಸ್‌ಮೇಕರ್ ಹಾಗಲ್ಲವಲ್ಲ. ಅದು ಗರ್ಭದಲ್ಲಿ ನಮ್ಮೊಂದಿಗೆ ಬೆಳೆದದ್ದಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಹಣ ಕಟ್ಟಿ, ಬಿಲ್ಲು ಪಡೆದು, ನಂಬರಿನ ಕಾರ್ಡು ಸಹಿತ ತಂದದ್ದು. ಹತ್ತು ವರ್ಷ ರಕ್ತದ ಬಿಸಿಯಲ್ಲಿದ್ದರೂ ಅದು ಮಾಂಸವಾಗುವುದಿಲ್ಲ. ಅಂಗದಾನಕ್ಕೆ ಇರುವ ದೊಡ್ಡ ಆಕ್ಷೇಪವು ಇದನ್ನು ಮುಟ್ಟುವುದೇ ಇಲ್ಲವೆಂದು ನನಗೆ ತೋರುತ್ತದೆ.

ಆದರೆ ಒಂದು ಗಂಟು ಬಿಚ್ಚುವಾಗ ಇನ್ನೊಂದು ಬಿಗಿಯುತ್ತದೆ. ಅದು ಅಂಗವಲ್ಲ, ಸೊತ್ತು ಎಂದಾದರೆ, ಸೊತ್ತಿನ ನಿಯಮಗಳು ಅನ್ವಯಿಸಬೇಕು. ಮೃತನ ಸೊತ್ತು ಮರಣದ ಕ್ಷಣದಿಂದ ವಾರಸುದಾರರದ್ದು. ಅವರಲ್ಲಿ ಪ್ರಾಯಕ್ಕೆ ಬಾರದ ಮಕ್ಕಳಿದ್ದರೆ ಅವರ ಪಾಲನ್ನು ದಾನ ಮಾಡಲು ತಾಯಿಗೂ ಅಧಿಕಾರವಿಲ್ಲ. ಮೃತನು ವಸಿಯ್ಯತ್ ಮಾಡಿದ್ದರೆ ಮೂರನೇ ಒಂದು ಪಾಲಿನೊಳಗೆ ಅದು ಜಾರಿಯಾಗುತ್ತದೆ. ಚಾಚಾರವರು ಬಿಟ್ಟು ಹೋದುದೆಂದರೆ ಒಂದು ಹಂಚಿನ ಮನೆ, ಒಂದು ಹಳೆಯ ಸ್ಕೂಟರು. ಅಂಥವರ ಆಸ್ತಿಯಲ್ಲಿ ಪೇಸ್‌ಮೇಕರನ್ನು ಎಷ್ಟೆಂದು ಬರೆಯುವುದು? ಕೊಂಡಾಗ ಸ್ಕೂಟರಿಗಿಂತ ಹೆಚ್ಚು ಬೆಲೆಯಾಗಿತ್ತು. ಈಗ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯೇ ಇಲ್ಲ, ಏಕೆಂದರೆ ಹಳೆಯದನ್ನು ಮಾರುವಂತಿಲ್ಲ. ಬೆಲೆಯಿಲ್ಲದ, ಆದರೆ ಒಂದು ಜೀವದಷ್ಟು ಪ್ರಯೋಜನವುಳ್ಳ ವಸ್ತು! ಇನ್ನು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಂಥ ಯೋಜನೆಯಡಿ ಸರಕಾರದ ಹಣದಿಂದ ಹಾಕಿಸಿಕೊಂಡದ್ದಾದರೆ? ಆಗ ಅದರಲ್ಲಿ ತೆರಿಗೆ ಕಟ್ಟಿದ ಪ್ರತಿಯೊಬ್ಬನ ಪಾಲೂ ಇದೆ ಎನ್ನಬಹುದು. ಪ್ಲುಟೋನಿಯಮ್ ಯಂತ್ರಗಳನ್ನು ಹಿಂದಿರುಗಿಸುವ ಕರಾರು ಇತ್ತೆಂದು ಮೇಲೆ ಹೇಳಿದೆ. ಅಪಾಯಕ್ಕೆ ಹೆದರಿ ಹಿಂದೆ ಪಡೆಯುವ ವ್ಯವಸ್ಥೆಯನ್ನು ಮಾನವನು ಮಾಡಿಕೊಂಡನು. ಪ್ರಯೋಜನಕ್ಕಾಗಿ ಹಿಂದೆ ಪಡೆಯುವ ವ್ಯವಸ್ಥೆ ಮಾಡಲು ಮಾತ್ರ ಮನಸ್ಸಾಗಲಿಲ್ಲ.

ಮನಸ್ಸು ಮಾಡಿದ ಕೆಲವರು ಇಲ್ಲವೆಂದಲ್ಲ. 2004ರಿಂದ 2010ರ ನಡುವೆ ಅಮೆರಿಕದಲ್ಲಿ ಮೃತರ ದೇಹದಿಂದ ತೆಗೆದ ಪೇಸ್‌ಮೇಕರುಗಳಲ್ಲಿ ಬ್ಯಾಟರಿ ಸಾಕಷ್ಟು ಉಳಿದಿದ್ದುವನ್ನು ಆರಿಸಿ, ಶುದ್ಧಗೊಳಿಸಿ, ಮುಂಬಯಿಯ ಆಸ್ಪತ್ರೆಯೊಂದರಲ್ಲಿ 53 ಬಡ ರೋಗಿಗಳಿಗೆ ಕೂಡಿಸಲಾಯಿತು. ಸೋಂಕಿನ ತೊಂದರೆ ಬರಲಿಲ್ಲವೆಂದು ವೈದ್ಯರು ವರದಿ ಮಾಡಿದರು. ಕೆನಡಾದ ಮಾಂಟ್ರಿಯಲ್‌ನ ವೈದ್ಯರು ಇನ್ನೂ ದೊಡ್ಡ ಲೆಕ್ಕವನ್ನು 2020ರಲ್ಲಿ ಪ್ರಕಟಿಸಿದರು. ಮೆಕ್ಸಿಕೋ, ಗ್ವಾಟೆಮಾಲ, ಹೊಂಡುರಾಸ್, ಡೊಮಿನಿಕನ್ ಗಣರಾಜ್ಯಗಳ 1051 ರೋಗಿಗಳು ಮರುಶುದ್ಧಗೊಳಿಸಿದ ಯಂತ್ರಗಳನ್ನು ಪಡೆದಿದ್ದರು. ಹೊಸ ಯಂತ್ರ ಪಡೆದ ಕೆನಡಾದ 3153 ಮಂದಿಯೊಂದಿಗೆ ಹೋಲಿಸಿದಾಗ ಸೋಂಕು ಇವರಲ್ಲಿ ನೂರಕ್ಕೆ 2, ಅವರಲ್ಲಿ 1.2. ಈ ಅಂತರವು ಲೆಕ್ಕಕ್ಕೆ ಹಿಡಿಯುವಂಥದ್ದಲ್ಲವೆಂದು ಅವರು ಕಂಡುಕೊಂಡರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ‘ನನ್ನ ಹೃದಯ ನಿನ್ನ ಹೃದಯ’ ಎಂಬ ಅರ್ಥದ ಹೆಸರಿನ ಯೋಜನೆ ನಡೆಸುತ್ತಾರೆ. ಏಳು ದೇಶಗಳ ಸುಮಾರು 300 ರೋಗಿಗಳಲ್ಲಿ ಕೆಲವರಿಗೆ ಹೊಸದು, ಕೆಲವರಿಗೆ ಶುದ್ಧಗೊಳಿಸಿದ ಹಳೆಯದು ಕೂಡಿಸಿ, ತೊಂಬತ್ತು ದಿನ ನೋಡಿದಾಗ ಹಳೆಯದು ಹೊಸದಕ್ಕಿಂತ ಕಡಿಮೆಯೆಂದು ಕಂಡುಬರಲಿಲ್ಲವೆಂದು 2024ರಲ್ಲಿ ತಿಳಿಸಿದರು. ತೊಂಬತ್ತು ದಿನ ದೊಡ್ಡ ಕಾಲವೇನಲ್ಲ, ಆದರೂ ಕಡೆಗಣಿಸುವಂಥ ಸಾಕ್ಷ್ಯವೂ ಅಲ್ಲ.

ಆದರೆ ತಯಾರಿಸುವ ಕಂಪೆನಿಗಳು ಪ್ರತಿಯೊಂದು ಡಬ್ಬಿಯ ಮೇಲೂ ಒಂದೇ ಬಾರಿಯ ಬಳಕೆಗೆಂದು ಮುದ್ರಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ತನ್ನ ಪ್ರಜೆಗಳಿಗೆ ಮರುಬಳಕೆಯನ್ನು ಒಪ್ಪುವುದಿಲ್ಲ. ಇಲ್ಲಿಯೇ ನನ್ನ ಗೆಳೆಯರೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. “ತಮ್ಮವರಿಗೆ ಬೇಡವಾದುದನ್ನು ಮುಂಬಯಿಯ ಬಡವನಿಗೆ ಕಳುಹಿಸುವುದು ಯಾವ ದಾನ ಮಾಸ್ತರರೇ? ನಮಗೆ ಪ್ರಿಯವಾದುದನ್ನು ಖರ್ಚು ಮಾಡದೆ ಪುಣ್ಯವಿಲ್ಲವೆಂದು ನೀವೇ ಮಕ್ಕಳಿಗೆ ಕಲಿಸಿದವರು. ಹರಿದ ಅಂಗಿ ಕೊಟ್ಟಂತೆ ಹಳೇ ಹೃದಯವನ್ನೂ ಕೊಡುವುದೋ?”

ಈ ಮಾತಿಗೆ ಬಹಳ ದಿನ ನನ್ನಲ್ಲಿ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಉತ್ತರ ಇದೆಯೆನ್ನಲಾರೆ. ಬಡವನಿಗೆ ಹಳೆಯದು, ಶ್ರೀಮಂತನಿಗೆ ಹೊಸದು ಎಂಬುದು ನ್ಯಾಯವಲ್ಲ, ನಿಜ. ಆದರೆ ಆ ಹೆಂಗಸಿನ ಮುಂದೆ ಇದ್ದ ಆಯ್ಕೆ ಹಳೆಯದು ಮತ್ತು ಹೊಸದರ ನಡುವೆ ಅಲ್ಲ, ಹಳೆಯದು ಮತ್ತು ಅಡಿಗೆಮನೆಯ ನೆಲದ ನಡುವೆ. ಅನ್ಯಾಯವನ್ನು ಸರಿಪಡಿಸುವ ತನಕ ಅವರು ಕಾಯಬೇಕೆಂದು ಹೇಳಲು ನಮಗಾವ ಹಕ್ಕಿದೆ? ನನ್ನ ಮಟ್ಟಿಗೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಇದೇ ಯಂತ್ರವನ್ನು, ಇದೇ ಆಸ್ಪತ್ರೆಯಲ್ಲಿ, ಇದು ಮತ್ತೊಬ್ಬರ ಎದೆಯಲ್ಲಿತ್ತೆಂದು ತಿಳಿದೂ, ನನ್ನ ಸ್ವಂತ ತಾಯಿಗೆ ಹಾಕಿಸುವೆನೇ? ಹೌದೆನ್ನಲು ಸಾಧ್ಯವಾದರೆ ಮಾತ್ರ ಇನ್ನೊಬ್ಬನ ತಾಯಿಗೆ ಕೊಡುವುದು ದಾನ. ಇಲ್ಲದಿದ್ದರೆ ಗೆಳೆಯರು ಹೇಳಿದಂತೆ ಹರಿದ ಅಂಗಿ. ಮತ್ತು ಪಡೆಯುವವನಿಗೆ ಅದು ಹಳೆಯದೆಂದು ಬಾಯಿಬಿಟ್ಟು ಹೇಳಿರಬೇಕು. ವ್ಯಾಪಾರಿಯು ತನ್ನ ಸರಕಿನ ದೋಷವನ್ನು ಮುಚ್ಚಿಡಬಾರದೆಂಬ ಆಜ್ಞೆಯು ಗೋಧಿಯ ರಾಶಿಗೆ ಮಾತ್ರ ಸೀಮಿತವಲ್ಲ. ಹಳೆಯದನ್ನು ಹೊಸದೆಂದು ಬಿಲ್ಲು ಮಾಡುವವರ ಕೈಗೆ ಇದು ಸಿಕ್ಕಿದರೆ, ಈ ಒಳ್ಳೆಯ ಕೆಲಸದಷ್ಟು ಕೆಟ್ಟ ಕೆಲಸ ಇನ್ನೊಂದಿರದು.

ಇನ್ನೊಂದು ವಿಷಯವನ್ನು ಬಹಳ ಜನ ಯೋಚಿಸಿರಲಾರರು. ಈ ಯಂತ್ರಕ್ಕೆ ನೆನಪಿನ ಶಕ್ತಿ ಇದೆ. ಯಾವ ದಿನ ಯಾವ ಗಂಟೆಯಲ್ಲಿ ಬಡಿತ ಹೇಗಿತ್ತು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಅಮೆರಿಕದ ಓಹಾಯೋ ರಾಜ್ಯದಲ್ಲಿ 2016ರಲ್ಲಿ ಒಬ್ಬನ ಮನೆ ಸುಟ್ಟಿತು. ನಿದ್ದೆಯಿಂದೆದ್ದು ಸಾಮಾನುಗಳನ್ನು ಕಟ್ಟಿ ಕಿಟಕಿಯಿಂದ ಹೊರಹಾಕಿದೆನೆಂದು ಅವನು ಹೇಳಿದನು. ಪೊಲೀಸರು ಅವನ ಪೇಸ್‌ಮೇಕರಿನ ದಾಖಲೆಯನ್ನೇ ತರಿಸಿ, ಅವನ ಮಾತನ್ನು ಅದು ಸಮರ್ಥಿಸುವುದಿಲ್ಲವೆಂದು ವಾದಿಸಿ, ಮನೆಗೆ ತಾನೇ ಬೆಂಕಿಯಿಟ್ಟನೆಂಬ ಆರೋಪ ಹೊರಿಸಿದರು. ತನ್ನದೇ ಎದೆಯು ತನ್ನ ವಿರುದ್ಧ ಸಾಕ್ಷಿ ನುಡಿಯುವುದು! ನಾಳೆ ಕೈಕಾಲುಗಳೇ ಮಾತನಾಡುವ ದಿನವೊಂದಿದೆಯೆಂದು ನಂಬುವ ನಮಗೆ ಇದು ಹೊಸ ಸುದ್ದಿಯೇನಲ್ಲ. ಆದರೆ ಆ ದಿನದ ಸಾಕ್ಷಿಯನ್ನು ಕೇಳುವವನು ಒಬ್ಬನೇ. ಇಲ್ಲಿ ಕೇಳುವವರು ಕಂಪೆನಿಯ ನೌಕರರು, ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವರು, ಯಾರೆಂದರೆ ಅವರು. ಮಯ್ಯಿತ್‌ಗೆ ಸ್ನಾನ ಮಾಡಿಸುವವನು ದೇಹದ ಮೇಲೆ ಕಂಡ ದೋಷವನ್ನು ಹೊರಗೆ ಆಡಬಾರದೆಂಬ ನಿಯಮ ನಮ್ಮಲ್ಲಿದೆ. ಯಂತ್ರವನ್ನು ತೆಗೆದು ಅದರ ನೆನಪನ್ನು ಓದುವ ತಂತ್ರಜ್ಞನೂ ಒಂದರ್ಥದಲ್ಲಿ ಸ್ನಾನ ಮಾಡಿಸುವವನೇ. ಹೊಸ ಎದೆಗೆ ಹೋಗುವ ಮೊದಲು ಹಳೆಯವನ ಹೆಸರು, ಕಾಯಿಲೆ, ರಾತ್ರಿಗಳ ಲೆಕ್ಕ ಎಲ್ಲವನ್ನೂ ಅಳಿಸಿಬಿಡುವುದು ಅವನ ಮೇಲಿರುವ ಹಕ್ಕು.

ಇಷ್ಟೆಲ್ಲ ತೂಗಿದ ಮೇಲೆ ನನ್ನ ಮನಸ್ಸು ಒಂದು ಕಡೆ ವಾಲಿದೆ, ಅದನ್ನು ಮುಚ್ಚಿಡುವುದಿಲ್ಲ. ಮೃತನು ಜೀವಂತವಿರುವಾಗಲೇ ಇಷ್ಟಪಟ್ಟು ಬರೆದಿಟ್ಟಿದ್ದರೆ, ಆಸ್ಪತ್ರೆಯಲ್ಲೇ ವೈದ್ಯರ ಕೈಯಿಂದ ಎರಡು ಅಂಗುಲದ ಕೊಯ್ತದಲ್ಲಿ ಅದನ್ನು ತೆಗೆದು ಹೊಲಿದು ಕೊಡುವುದರಲ್ಲಿ ಅಗೌರವವಿಲ್ಲ. ಬದುಕಿದ್ದಾಗ ಬ್ಯಾಟರಿ ಬದಲಿಸಲು ಅದೇ ಜಾಗದಲ್ಲಿ ಅದೇ ಕೊಯ್ತವನ್ನು ಮಾಡುತ್ತಾರಲ್ಲವೇ? ಆದರೆ ಮೃತನು ಏನೂ ಹೇಳದೆ ಹೋಗಿದ್ದರೆ, ಮಡದಿ ಮಕ್ಕಳು ಅಳುತ್ತಾ ಕುಳಿತಿರುವ ಹೊತ್ತಿನಲ್ಲಿ ಬಂದು ಸಹಿ ಕೇಳುವುದನ್ನು ನಾನು ಒಪ್ಪಲಾರೆ. ಸ್ನಾನದ ಹಲಗೆಯ ಮೇಲಂತೂ ಕೂಡದು. ಅಂದು ಇಮಾಮರು ‘ಹಾಗೆಯೇ ಇರಲಿ’ ಎಂದುದು ಸರಿಯಾಗಿತ್ತೆಂದು ನಾನು ಹೇಳಿದ್ದು ಇದಕ್ಕಾಗಿ. ತಪ್ಪು ಆ ಗಂಟೆಯದಲ್ಲ. ಅದಕ್ಕಿಂತ ಮೊದಲಿನ ಎರಡು ವರ್ಷ ನಾವು ಯಾರೂ ಆ ಮಾತೆತ್ತದೆ ಇದ್ದುದು ತಪ್ಪು. ಚಾಚಾರವರು ಉದಾರಿ. ಕೇಳಿದ್ದರೆ ಬೇಡವೆನ್ನುತ್ತಿರಲಿಲ್ಲವೆಂದು ಚಾಚಿ ಈಗ ಹೇಳುತ್ತಾರೆ. ಆದರೆ ಬದುಕಿರುವವನ ಮುಂದೆ ಅವನ ಮರಣದ ಮಾತೆತ್ತುವುದು ಅಪಶಕುನವೆಂಬ ಭಾವನೆ, ದಿನಕ್ಕೆ ಐದು ಬಾರಿ ಪರಲೋಕವನ್ನು ನೆನೆಯುವ ನಮ್ಮಲ್ಲಿಯೂ ಇದೆ. ವಸಿಯ್ಯತ್ತನ್ನು ಬರೆದು ತಲೆದಿಂಬಿನಡಿ ಇಟ್ಟುಕೊಳ್ಳಬೇಕಾದವರು ನಾವು. ನಮ್ಮಲ್ಲಿ ಎಷ್ಟು ಮಂದಿ ಬರೆದಿದ್ದೇವೆ?

ಅಲ್ಲದೆ ಪೇಸ್‌ಮೇಕರ್ ಇದರ ಆರಂಭ ಮಾತ್ರ. ಕಿವಿ ಕೇಳದ ಮಕ್ಕಳಿಗೆ ಕೂಡಿಸುವ ಕಾಕ್ಲಿಯರ್ ಯಂತ್ರವಿದೆ, ನಡುಕದ ಕಾಯಿಲೆಯವರ ಮೆದುಳಿಗೆ ತಟ್ಟು ಕೊಡುವ ಯಂತ್ರವಿದೆ. ಕುರುಡರಿಗೆ ಬೆಳಕಿನ ಅರಿವು ಕೊಡುತ್ತಿದ್ದ ಆರ್ಗಸ್ ಎಂಬ ಕಣ್ಣಿನ ಯಂತ್ರವನ್ನು ಅದರ ಕಂಪೆನಿಯು ಲಾಭವಿಲ್ಲವೆಂದು ಕೈಬಿಟ್ಟಾಗ, ಅದನ್ನು ಹಾಕಿಸಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಜನರು ರಿಪೇರಿಗೆ ಗತಿಯಿಲ್ಲದೆ ಉಳಿದರು. ದೇಹದೊಳಗಿನ ವಸ್ತುವಿಗೆ ಯಾರು ಹೊಣೆ ಎಂಬುದು ಬದುಕಿರುವವರ ಪ್ರಶ್ನೆಯೂ ಹೌದು. ಅದನ್ನು ಇನ್ನೊಮ್ಮೆ ಬರೆಯುವೆ, ಇನ್‌ಶಾ ಅಲ್ಲಾಹ್.

ಕಳೆದ ರಮಝಾನಿಗೆ ಮುಂಚೆ, ಅಂದು ಚಾಚಾರವರಿಗೆ ಸ್ನಾನ ಮಾಡಿಸಿದ ಆ ಹಿರಿಯರಿಗೂ ಪೇಸ್‌ಮೇಕರ್ ಹಾಕಿದರು. ನೋಡಲು ಹೋದೆ. ಎಡಗೈಯನ್ನು ಎತ್ತಬಾರದೆಂದು ವೈದ್ಯರು ಕಟ್ಟಿ ಕೂರಿಸಿದ್ದರು. ಬಲಗೈಯಿಂದ ಆ ಉಬ್ಬನ್ನು ಮುಟ್ಟಿಕೊಳ್ಳುತ್ತಾ, “ಮಾಸ್ಟರ್ ಸಾಬ್, ಅಂದು ನಿಮ್ಮನ್ನು ಕೇಳಿದ್ದೆ, ನೀವು ಸುಮ್ಮನಿದ್ದಿರಿ,” ಎಂದರು. ನನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಕಾಗದ ತನ್ನಿ, ನೀವೇ ಬರೆಯಿರಿ, ನನ್ನ ಅಕ್ಷರ ನೆಟ್ಟಗಿಲ್ಲ ಎಂದರು.

ವೈದ್ಯರನ್ನು ಕೇಳಿದೆ. ಇದಕ್ಕೆಂದು ತಮ್ಮಲ್ಲಿ ಯಾವ ಫಾರಮ್ಮೂ ಇಲ್ಲ, ಬಿಳಿ ಹಾಳೆಯಲ್ಲೇ ಬರೆದಿಡಿ ಎಂದರು. ಹಾಗೆ ಬರೆದೆವು. ಕಾನೂನಿಗೆ ಒಪ್ಪುವ ರೀತಿಯಲ್ಲಿ ಇದನ್ನು ಸ್ವೀಕರಿಸಿ, ಪಡೆಯುವವನಿಗೆ ಸತ್ಯ ಹೇಳಿ, ಬಿಟ್ಟಿಯಾಗಿ ಕೂಡಿಸುವ ಯೋಗ್ಯ ಆಸ್ಪತ್ರೆ ಅಂದು ಇದ್ದರೆ ತೆಗೆದುಕೊಡಬೇಕು. ಇಲ್ಲದಿದ್ದರೆ ಮುಟ್ಟದೆ ದಫನ್ ಮಾಡಬೇಕು. ಯಾವ ಕಾರಣಕ್ಕೂ ಜನಾಝ ಆರು ಗಂಟೆಗಿಂತ ಹೆಚ್ಚು ತಡವಾಗಬಾರದು. ಆರು ಗಂಟೆ ಎಂಬುದು ಅವರದೇ ಮಾತು. ಕೆಳಗೆ ಅವರ ಸಹಿ, ಹಿರಿಯ ಮಗನ ಸಹಿ, ಮಗಳ ಸಹಿ ಇದೆ. ಕಿರಿಯವನು ದಮ್ಮಾಮಿನಲ್ಲಿದ್ದಾನೆ. ಫೋನಿನಲ್ಲಿ ಒಪ್ಪಿದ್ದಾನೆ, ರಜೆಗೆ ಬಂದಾಗ ಸಹಿ ಹಾಕುವನಂತೆ. ಅಲ್ಲಿಯವರೆಗೆ ಹಾಳೆಯು ನನ್ನ ಕಪಾಟಿನಲ್ಲಿದೆ.